ಸತ್ಯಾಂಶ: ಜರ್ಮನಿಯಲ್ಲಿ ಎಂಎಸ್ ಪೂರ್ತಿ ಫ್ರೀನಾ?

‘ಜರ್ಮನಿಯಲ್ಲಿ ಎಂಎಸ್ ಪೂರ್ತಿ ಫ್ರೀ, ಟಿಕೆಟ್ ದುಡ್ಡಿದ್ದರೆ ಸಾಕು’ ಎಂಬ ಸಂದೇಶ ಫ್ಯಾಮಿಲಿ ಗ್ರೂಪುಗಳಲ್ಲಿ ಓಡಾಡುತ್ತಿದೆ. ಮಾತಿನಲ್ಲಿ ಅರ್ಧ ನಿಜವಿದೆ. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಸೆಮಿಸ್ಟರಿಗೊಮ್ಮೆ ಸಣ್ಣ ವಂತಿಗೆ ಕಟ್ಟಿದರಾಯಿತು. ಆದರೆ ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಲ್ಲೇ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಶುಲ್ಕ ತಂದಿತು. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವಂತೂ 2024ರಿಂದ ಹೊಸದಾಗಿ ಸೇರುವ ಇಂಥ ಹೊರಗಿನವರಿಗೆ ಸ್ನಾತಕೋತ್ತರ ಕೋರ್ಸುಗಳಿಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೊ ಇಟ್ಟಿದೆ.

ಅಸಲಿ ಭಾರ ಬೇರೆಯದು. ಸ್ಕಾಲರ್‌ಶಿಪ್ ಇಲ್ಲದವರು ವೀಸಾಕ್ಕೆ ಸಾಮಾನ್ಯವಾಗಿ ‘ಬ್ಲಾಕ್ಡ್ ಅಕೌಂಟ್’ನಲ್ಲಿ (ತಿಂಗಳಿಗೆ ಇಂತಿಷ್ಟೇ ಎಂದು ದುಡ್ಡು ತೆಗೆಯಬಹುದಾದ ಖಾತೆ) ಒಂದು ವರ್ಷದ ಖರ್ಚು ಮೊದಲೇ ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ ಮೊತ್ತ 11,904 ಯೂರೊ, ಅಂದರೆ ಹತ್ತು ಲಕ್ಷ ರೂಪಾಯಿಗೂ ಮೇಲೆ. ಇದು ಫೀಸಲ್ಲ, ನಿಮ್ಮದೇ ದುಡ್ಡು (ಏಜೆಂಟರು ಇದನ್ನು ಬಿಡಿಸಿ ಹೇಳುವುದು ಕಮ್ಮಿ). ಹೋದ ಮೇಲೆ ತಿಂಗಳಿಗೆ 992 ಯೂರೊದಂತೆ ಕೈಸೇರುತ್ತದೆ. ಮ್ಯೂನಿಕ್‌ನಲ್ಲಾದರೆ ಅದರಲ್ಲಿ ದೊಡ್ಡ ಪಾಲು ರೂಮಿನ ಬಾಡಿಗೆಗೇ.