ಸಾಕ್ಷಿ ಹೇಳುವುದು ಸಭಾಪಾಲಕರ (ಪಾಸ್ಟರರ) ಕೆಲಸ ಮಾತ್ರವಾ?

ಮಂಗಳೂರಿನಲ್ಲಿ ಕ್ರೈಸ್ತರು ಅಂದ ಕೂಡಲೇ ಜನರ ಬಾಯಿಗೆ ಬರುವುದು ಒಳ್ಳೆಯ ಶಾಲೆ, ಒಳ್ಳೆಯ ಆಸ್ಪತ್ರೆ. ಸುಳ್ಳಲ್ಲ. 1880ರಲ್ಲಿ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿ ಕೊಡಲು ಶುರು ಮಾಡಿದರು. 1923ರಲ್ಲಿ ಡಾಕ್ಟರ್ ಇವಾ ಲೊಂಬಾರ್ಡ್ ಉಡುಪಿಯಲ್ಲಿ ಆಸ್ಪತ್ರೆ ತೆರೆದರು. ಇವತ್ತಿಗೂ ಉಡುಪಿಯವರ ಬಾಯಲ್ಲಿ ಅದು ಮಿಶನ್ ಆಸ್ಪತ್ರೆಯೇ. ಇದರ ಬಗ್ಗೆ ನನಗೆ ತುಂಬ ಹೆಮ್ಮೆ ಇದೆ.

ಆದರೆ ಒಂದು ಮಾತು ಹೇಳಲೇಬೇಕು. ಆ ಸಂಸ್ಥೆಗಳೇ ನಮ್ಮ ಬದಲು ಸಾಕ್ಷಿ ಹೇಳಲಿ, ಅಂದರೆ ನಮ್ಮ ನಂಬಿಕೆಯ ಬಗ್ಗೆ ಜನರಿಗೆ ತಿಳಿಸಲಿ ಎಂದು ನಾವು ಸುಮ್ಮನಾಗಿದ್ದೇವೆ. ಪಕ್ಕದ ಮನೆಯವರಿಗೆ ನಮ್ಮ ಶಾಲೆಯ ಅಡ್ಮಿಶನ್ ಯಾವಾಗ ಅಂತ ಗೊತ್ತು. ನಾವು ಯೇಸುವನ್ನು ಯಾಕೆ ನಂಬಿದ್ದೇವೆ ಅಂತ ಗೊತ್ತಿಲ್ಲ. ಕ್ರಿಸ್‌ಮಸ್‌ಗೆ ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಟ್ಟೆ ಕಳಿಸುತ್ತೇವೆ, ಚೌತಿಗೆ ಅವರ ಮನೆಯ ಉಂಡೆ ಬರುತ್ತದೆ. ಮಾತು ನೆವ್ರಿ (ಕರ್ಜಿಕಾಯಿ) ಚೆನ್ನಾಗಿದೆ ಎನ್ನುವಲ್ಲಿಗೆ ಮುಗಿಯುತ್ತದೆ.

ಯಾಕೆ ಹೀಗೆ? ಭಯ ಒಂದು ಕಾರಣ, ಅದನ್ನು ಮುಚ್ಚಿಡುವುದು ಬೇಡ. 2008ರ ಸೆಪ್ಟೆಂಬರ್‌ನಲ್ಲಿ ನಮ್ಮ ಊರಿನ ಚರ್ಚ್‌ಗಳ ಮೇಲೆ, ಪ್ರಾರ್ಥನಾಲಯಗಳ ಮೇಲೆ ದಾಳಿಯಾದದ್ದನ್ನು ನೋಡಿದವರು ನಾವು. ಆಮೇಲೆ ಎಷ್ಟೋ ಮನೆಗಳಲ್ಲಿ ‘ನಮ್ಮಷ್ಟಕ್ಕೆ ನಾವಿರೋಣ’ ಎಂಬುದೇ ರೂಢಿಯಾಯಿತು. ಸಂವಿಧಾನದ 25ನೇ ವಿಧಿ ತನ್ನ ಧರ್ಮವನ್ನು ನಂಬಲು, ಆಚರಿಸಲು, ಪ್ರಚಾರ ಮಾಡಲು ಎಲ್ಲರಿಗೂ ಹಕ್ಕು ಕೊಟ್ಟಿದೆ. ಹಕ್ಕಿದೆ ಅಂತ ಹೆದರಿಕೆ ಹೋಗುವುದಿಲ್ಲ, ಅಲ್ವಾ?

ಇನ್ನೊಂದು ಕಾರಣ ಹಳೆಯದು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಎಂಬ ಪ್ರೊಟೆಸ್ಟಂಟ್ ಸಂಸ್ಥೆಯ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದರು. ಅವರ ಮಾತು ಕೇಳಿ ಕ್ರಿಸ್ತನನ್ನು ನಂಬಿದವರಲ್ಲಿ ಎಷ್ಟೋ ಮಂದಿ ಮನೆ, ಗೇಣಿ ಭೂಮಿ, ಕುಲಕಸುಬು ಎಲ್ಲ ಕಳೆದುಕೊಂಡರು. ಅವರಿಗೆ ಅನ್ನಕ್ಕೆ ದಾರಿಯಾಗಲಿ ಎಂದು ಮಿಶನ್ ಮಗ್ಗ ಹಾಕಿಸಿತು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು. ಚರ್ಚ್, ಶಾಲೆ, ಕೆಲಸ, ಮನೆ ಎಲ್ಲ ಒಂದೇ ಕಡೆ. ನನ್ನ ಅಜ್ಜನ ಕಡೆಯವರೂ ಹೆಂಚಿನ ಕೆಲಸ ಮಾಡಿದವರೇ. ಆ ವ್ಯವಸ್ಥೆ ಇಲ್ಲದಿದ್ದರೆ ನಮ್ಮ ಹಿರಿಯರು ಉಳಿಯುತ್ತಿರಲಿಲ್ಲ. ಆದರೆ ನಂಬಿಕೆಯ ಮಾತನ್ನು ನಮ್ಮವರ ಜೊತೆ ಮಾತ್ರ ಆಡುವ ಅಭ್ಯಾಸವೂ ನಮಗೆ ಅಲ್ಲಿಂದಲೇ ಬಂತು ಅಂತ ಅನಿಸುತ್ತದೆ. ಈಗ ಮಿಶನ್ ಕಾಂಪೌಂಡಿನ ಬದುಕು ಹೋಯಿತು. ಫ್ಲ್ಯಾಟಿನಲ್ಲಿ ಎದುರು ಮನೆ ಶೆಟ್ಟರದ್ದು, ಮೇಲಿನ ಮನೆ ಬ್ಯಾರಿ ಮುಸ್ಲಿಮರದ್ದು. ಅಭ್ಯಾಸ ಮಾತ್ರ ಹೋಗಲಿಲ್ಲ.

ಹೆಬಿಕ್ ಅವರು ಜಾತ್ರೆಗಳಿಗೆ ಹೋಗಿ ನಿಂತು ಬೋಧಿಸುತ್ತಿದ್ದರು. ಆ ಧೈರ್ಯಕ್ಕೆ ನನ್ನ ಗೌರವ ಇದೆ, ಆದರೆ ಇವತ್ತಿಗೆ ಅದು ದಾರಿಯಲ್ಲ. ನನಗೆ ಹೆಚ್ಚು ಹತ್ತಿರದವರು ಅದೇ ಮಿಶನ್ನಿನ ಹರ್ಮನ್ ಮೋಗ್ಲಿಂಗ್. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದವರು ಎಂದು ಅವರ ಹೆಸರು ಎಲ್ಲರಿಗೂ ಗೊತ್ತು. ಅವರು ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ಸುವಾರ್ತೆ, ಅಂದರೆ ಯೇಸುವಿನ ಸಂದೇಶ, ಹೇಳಲು ಬಂದ ಮನುಷ್ಯ ಈ ಊರಿನ ಜನ ತಮ್ಮ ದೇವರಿಗೆ ಏನು ಹಾಡುತ್ತಾರೆ ಅಂತ ಕಿವಿಗೊಟ್ಟು ಕೇಳಿದರು! ನೆರೆಯವರ ನಂಬಿಕೆಯನ್ನು ಕೇಳಿಸಿಕೊಳ್ಳುವ ತಾಳ್ಮೆ ಇಲ್ಲದವನು ತನ್ನದನ್ನು ಹೇಳಲು ಹೋಗಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ.

ಕ್ರೈಸ್ತರು ಆಮಿಷ ಒಡ್ಡಿ ಮತಾಂತರ ಮಾಡುತ್ತಾರೆ ಎಂಬ ಮಾತಿನ ವಿಷಯವನ್ನೂ ನೇರವಾಗಿಯೇ ಹೇಳುತ್ತೇನೆ. ಆಸ್ಪತ್ರೆ ಬಿಲ್ ಕಟ್ಟಿ, ಮಕ್ಕಳ ಫೀಸ್ ಕಟ್ಟಿ, ಆಮೇಲೆ ‘ಭಾನುವಾರ ಬನ್ನಿ’ ಎಂದು ಒತ್ತಾಯ ಮಾಡುವುದು ಸುವಾರ್ತೆಯೇ ಅಲ್ಲ. ಬೈಬಲಿನಲ್ಲಿ ಲೂಕನ ಸುವಾರ್ತೆಯ 17ನೇ ಅಧ್ಯಾಯ ತೆಗೆದು ನೋಡಿ. ಹತ್ತು ಮಂದಿ ಕುಷ್ಠರೋಗಿಗಳು ಗುಣವಾದರು. ತಿರುಗಿ ಬಂದು ಕೃತಜ್ಞತೆ ಹೇಳಿದವನು ಒಬ್ಬನೇ, ಅವನೂ ಯೆಹೂದ್ಯರು ಹೊರಗಿನವನೆಂದು ಕಾಣುತ್ತಿದ್ದ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದ್ದು ನಿಜ. ಆದರೆ ಅವರಿಗೆ ಕೊಟ್ಟ ಆರೋಗ್ಯವನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ನನಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಡ. ಸಹಾಯ ಬೇಕಾದವರಿಗೆ ಸಹಾಯ ಮಾಡಬೇಕು. ಅವರು ಕೊನೆಯವರೆಗೂ ಚರ್ಚಿನ ಕಡೆ ತಿರುಗಿ ನೋಡದಿದ್ದರೂ ಮಾಡಬೇಕು.

ಹಾಗಾದರೆ ಸುಮ್ಮನೆ ಒಳ್ಳೆಯವರಾಗಿದ್ದರೆ ಸಾಕಾ? ‘ನನ್ನ ಜೀವನವೇ ಸಾಕ್ಷಿ, ಬಾಯಲ್ಲಿ ಹೇಳಬೇಕಾಗಿಲ್ಲ’ ಎಂದು ನಮ್ಮವರು ಬಹಳ ಮಂದಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಳ್ಳೆಯವರು ಎಲ್ಲ ಧರ್ಮದಲ್ಲೂ ಇದ್ದಾರೆ. ಒಳ್ಳೆಯತನ ನೋಡಿದವರಿಗೆ ನನ್ನ ಬಗ್ಗೆ ಗೊತ್ತಾಗುತ್ತದೆ, ಕ್ರಿಸ್ತನ ಬಗ್ಗೆ ಹೇಗೆ ಗೊತ್ತಾಗಬೇಕು? ಯೇಸುವಿನ ಶಿಷ್ಯ ಪೇತ್ರ ಬೈಬಲಿನಲ್ಲಿರುವ ತನ್ನ ಮೊದಲ ಪತ್ರದಲ್ಲಿ ಎರಡನ್ನೂ ಸೇರಿಸಿಯೇ ಬರೆದ. ನಿಮ್ಮ ನಿರೀಕ್ಷೆಗೆ ಕಾರಣ ಏನು ಎಂದು ಯಾರು ಕೇಳಿದರೂ ಉತ್ತರ ಕೊಡಲು ಯಾವಾಗಲೂ ತಯಾರಾಗಿರಬೇಕು, ಆದರೆ ಸೌಮ್ಯವಾಗಿ, ಗೌರವದಿಂದ ಹೇಳಬೇಕು. ಮೊದಲು ಕೇಳುವ ಹಾಗೆ ಬದುಕಬೇಕು. ಕೇಳಿದಾಗ ನುಣುಚಿಕೊಳ್ಳಬಾರದು.

ನಾನು ಮನೆಗಳಿಗೆ ವೈರಿಂಗ್ ಮಾಡಿಸುವ ಕಾಂಟ್ರಾಕ್ಟರ್. ನಮ್ಮ ಕೆಲಸದಲ್ಲಿ ಮೋಸ ಮಾಡುವುದು ಬಹಳ ಸುಲಭ. ಪೈಪಿನೊಳಗೆ ವೈರ್ ಎಳೆದು ಗೋಡೆಗೆ ಸಾರಣೆಯಾದ ಮೇಲೆ ಒಳಗೆ ಏನಿದೆ ಅಂತ ಮನೆಯವರಿಗೆ ಗೊತ್ತಾಗುವುದಿಲ್ಲ. ಗೀಸರಿಗೆ 4 ಎಂಎಂ ವೈರ್ ಅಂತ ಬಿಲ್ ಮಾಡಿ ತೆಳ್ಳಗಿನ 2.5 ಎಳೆದವರಿದ್ದಾರೆ. ಅರ್ಥಿಂಗ್ ಇದೆ ಅಂತ ಹೇಳಿ ಸುಮ್ನೆ ಒಂದು ತುಂಡು ವೈರ್ ಬಿಟ್ಟವರಿದ್ದಾರೆ. ವರ್ಷಗಟ್ಟಲೆ ಏನೂ ಆಗದೇ ಇರಬಹುದು. ಆದರೆ ಒಂದು ದಿನ ಮಳೆಗಾಲದಲ್ಲಿ ಒದ್ದೆ ಕೈಯಲ್ಲಿ ಯಾರೋ ಗೀಸರ್ ಮುಟ್ಟುತ್ತಾರೆ. ಅದು ಆ ಮನೆಯ ಮಗುವೂ ಆಗಿರಬಹುದು.

ನನ್ನ ಜೊತೆ ಬಾಗಲಕೋಟೆ ಕಡೆಯ ಒಬ್ಬ ಹುಡುಗ ಕೆಲಸ ಮಾಡುತ್ತಿದ್ದ. ಒಮ್ಮೆ ಸಾಮಾನು ಕಮ್ಮಿ ಬಿತ್ತು. ಸಣ್ಣ ವೈರ್ ಎಳೆದು ಮುಗಿಸೋಣ ಅಂದ. ಬೇಡ, ಅಂಗಡಿಗೆ ಹೋಗಿ ಬಾ ಎಂದೆ. ‘ಯಾಕಣ್ಣ, ಗೋಡೆ ಒಳಗೆ ಯಾರು ನೋಡ್ತಾರೆ?’ ಎಂದು ಕೇಳಿದ.

ಆಗ ಹೇಳಿದೆ. ‘ನಾನು ನಂಬಿರುವ ಯೇಸು ಸ್ವಾಮಿ ಈ ಮನೆಯವರನ್ನೂ ಪ್ರೀತಿಸ್ತಾನೆ. ಅವನ ಶಿಷ್ಯ ಅಂತ ಹೇಳಿಕೊಂಡು ಅವನಿಗೆ ಬೇಕಾದವರ ಜೀವಕ್ಕೆ ನಾನು ಅಪಾಯ ತರ್ಲಿಕ್ಕೆ ಆಗುದಿಲ್ಲ’ ಎಂದೆ. ಅಷ್ಟೇ. ಬೋಧನೆ ಇಲ್ಲ, ಕರಪತ್ರ ಇಲ್ಲ. ಅವನು ಮತ್ತೆ ಒಂದೆರಡು ಪ್ರಶ್ನೆ ಕೇಳಿದ, ಉತ್ತರ ಹೇಳಿದೆ. ತನ್ನ ಊರಿನ ಮಠದ ಸ್ವಾಮಿಗಳ ಬಗ್ಗೆ ಅವನೂ ಬಹಳ ಹೇಳಿದ, ನಾನು ಕೇಳಿದೆ. ಮುಂದೆ ಅವನು ಏನಾದ ಎಂಬುದನ್ನು ಲೆಕ್ಕ ಬರೆದು ಯಾರಿಗೂ ಒಪ್ಪಿಸಬೇಕಾಗಿಲ್ಲ. ಮನಸ್ಸು ತಿರುಗಿಸುವುದು ದೇವರ ಕೆಲಸ. ಕೇಳಿದ್ದಕ್ಕೆ ಸತ್ಯ ಹೇಳುವುದು ನನ್ನ ಕೆಲಸ.

ಸುವಾರ್ತೆ ಸಾರುತ್ತಾ ತಿರುಗಿದ ಪೌಲ ಕೊರಿಂಥ ಪಟ್ಟಣದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಮನೆಯಲ್ಲಿದ್ದು ಅವರ ಜೊತೆ ಡೇರೆ ಹೊಲಿಯುವ ಕೆಲಸ ಮಾಡಿದ ಎಂದು ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದಲ್ಲಿ ಇದೆ. ಅಷ್ಟು ಹೊತ್ತು ಒಟ್ಟಿಗೆ ಕೂತು ಕೆಲಸ ಮಾಡುವಾಗ ಏನೆಲ್ಲ ಮಾತಾಡಿರಬಹುದು! ಆಮೇಲೆ ಅದೇ ಗಂಡ ಹೆಂಡತಿ ಅಪೊಲ್ಲೋಸ ಎಂಬ ದೊಡ್ಡ ವಿದ್ವಾಂಸನನ್ನು ಕರೆದು, ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ತಿಳಿಸಿಕೊಟ್ಟರು. ಡೇರೆ ಹೊಲಿಯುವವರು!

ನೆರೆಮನೆಯಲ್ಲಿ ಸಾವಾದರೆ ನಾವು ಹೋಗುತ್ತೇವೆ. ಬೊಜ್ಜದ (ಉತ್ತರಕ್ರಿಯೆಯ) ಊಟಕ್ಕೂ ಹೋಗುತ್ತೇವೆ. ಇದು ತುಳುನಾಡಿನ ಮರ್ಯಾದೆ. ಆದರೆ ಹದಿನೈದು ದಿನ ಕಳೆದು ನೆಂಟರೆಲ್ಲ ಹೋದ ಮೇಲೆ ಮತ್ತೊಮ್ಮೆ ಹೋಗಿ. ಆಗಲೇ ಅವರಿಗೆ ಮಾತಾಡಲು ಜನ ಬೇಕು. ‘ನಾನು ದಿನಾ ಪ್ರಾರ್ಥನೆ ಮಾಡುವಾಗ ನಿಮ್ಮ ಹೆಸರು ಹೇಳ್ಲಾ?’ ಎಂದು ಕೇಳಿ. ಬೇಡ ಅಂದವರು ಬಹಳ ಕಡಿಮೆ. ಬೇಡ ಅಂದರೆ ಅಲ್ಲಿಗೇ ಬಿಡಿ, ಮಾತು ಬದಲಿಸಿ, ಚಹಾ ಕುಡಿದು ಬನ್ನಿ.

ಈಗ ನಮ್ಮ ಮನೆಯ ಮಕ್ಕಳ ವಿಷಯ. ನನಗೆ ಜಾಸ್ತಿ ನೋವು ಇರುವುದು ಇಲ್ಲಿಯೇ. ಸಂಡೇ ಸ್ಕೂಲ್ ಆಯಿತು, ದೃಢೀಕರಣ, ಅಂದರೆ ದೊಡ್ಡವರಾಗಿ ನಂಬಿಕೆಯನ್ನು ಸಭೆಯ ಮುಂದೆ ಒಪ್ಪಿಕೊಳ್ಳುವ ವಿಧಿ ಆಯಿತು, ಬಿಳಿ ಬಟ್ಟೆಯಲ್ಲಿ ಫೋಟೋ ಆಯಿತು. ಆಮೇಲೆ ಆ ಹುಡುಗ ಹುಡುಗಿಯರ ಜೊತೆ ಯಾರಿದ್ದಾರೆ? ಬೆಂಗಳೂರಿಗೋ ದುಬೈಗೋ ಹೋಗುವ ಮೊದಲು ‘ನಿನಗೆ ನಂಬಿಕೆಯಲ್ಲಿ ಏನು ಕಷ್ಟ ಇದೆ ಮಗಾ’ ಎಂದು ಕೇಳುವ ಒಬ್ಬ ಹಿರಿಯರೂ ಅವರಿಗಿಲ್ಲ. ಯೇಸು ಹನ್ನೆರಡು ಮಂದಿಯನ್ನು ಆರಿಸಿದ್ದು ಮೊದಲು ತನ್ನ ಸಂಗಡ ಇರಲಿ ಎಂದು, ಆಮೇಲೆ ಸಾರಲು ಕಳಿಸುವುದಕ್ಕೆ. ಮಾರ್ಕನ 3ನೇ ಅಧ್ಯಾಯದಲ್ಲಿ ಅದೇ ಕ್ರಮದಲ್ಲಿ ಬರೆದಿದೆ. ನಾವು ಸಂಗಡ ಇರುವುದನ್ನು ಬಿಟ್ಟು ಕನ್ವೆನ್ಶನ್ ಎಂಬ ದೊಡ್ಡ ಬೋಧನಾ ಕೂಟಗಳಿಗೆ ಪೆಂಡಾಲ್ ಹಾಕಿಸುತ್ತಿದ್ದೇವೆ.

ಈ ವರ್ಷ ದೃಢೀಕರಣ ತೆಗೆದುಕೊಂಡ ಒಬ್ಬೊಬ್ಬರ ಜೊತೆ ಸಭೆಯ ಒಬ್ಬೊಬ್ಬ ದೊಡ್ಡವರು ಇರಬೇಕು ಎಂದು ನಮ್ಮ ಸಭಾಪಾಲಕರ ಬಳಿ ಕೇಳಿದ್ದೇನೆ. ಮಾರ್ಕನ ಸುವಾರ್ತೆಯಲ್ಲಿ 16 ಅಧ್ಯಾಯ. ವಾರಕ್ಕೆ ಒಂದು ಒಟ್ಟಿಗೆ ಓದಿದರೆ ನಾಲ್ಕು ತಿಂಗಳು. ಚರ್ಚಿನಲ್ಲೇ ಆಗಬೇಕೆಂದಿಲ್ಲ, ಬೀಚಿನಲ್ಲಿ ಕೂತು ಓದಬಹುದು, ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಾ ಓದಬಹುದು. ಮಕ್ಕಳ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಕೇಳಿ ತಿಳಿದುಕೊಂಡು ಮುಂದಿನ ವಾರ ಹೇಳಿ. ಸಭಾಪಾಲಕರು ಒಪ್ಪಿದ್ದಾರೆ. ನಾನು ನನ್ನ ಹೆಸರು ಕೊಟ್ಟಿದ್ದೇನೆ. ಥಿಯಾಲಜಿ ಓದಿದವರೇ ಬೇಕಾಗಿಲ್ಲ. ನರ್ಸ್ ಬೇಕು, ಬಸ್ ಕಂಡಕ್ಟರ್ ಬೇಕು, ಬ್ಯಾಂಕಿನವರು ಬೇಕು, ಮನೆ ನಡೆಸುವ ಅಮ್ಮಂದಿರು ಬೇಕು. ನಮ್ಮ ಸಭೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ನನ್ನನ್ನು ನೋಡಿ.