ಕುದಿಯುವ ಬಿಂದುವೂ ಹೊಸ ಮೇಷ್ಟ್ರೂ

ದೂರದ ಹಳ್ಳಿಯ ಶಾಲೆಗೆ ಮೇಷ್ಟ್ರಾಗಿ ಹೊರಟವನಿಗೆ ಸಲಹೆಗಳ ಕೊರತೆಯಿರುವುದಿಲ್ಲ. ಆದರೆ ಸಲಹೆ ಕೊಡುವವರಲ್ಲಿ ಯಾರೂ ಆ ಹಳ್ಳಿಯನ್ನು ಕಂಡಿರುವುದಿಲ್ಲ. ನನ್ನ ನೇಮಕಾತಿ ಆದೇಶ ಕೈಸೇರಿದ ಸುದ್ದಿ ತಿಳಿದು ಬಂದ ಬಂಧುಗಳೆಲ್ಲರೂ, "ಒಳ್ಳೆಯ ಗಾಳಿ, ಒಳ್ಳೆಯ ನೀರು, ಮನುಷ್ಯನಿಗೆ ಇನ್ನೇನು ಬೇಕು?" ಎಂದು ಹರಸಿದರು. ವಿಜ್ಞಾನದ ಮೇಷ್ಟ್ರಾದ ನನಗೆ ಆ ಗಾಳಿ ಮತ್ತು ಆ ನೀರು ಇವೆರಡೇ ಸೇರಿ ತೊಂದರೆ ಕೊಡಲಿವೆಯೆಂಬ ಸುಳಿವು ಆಗ ಯಾರಿಗೂ ಇರಲಿಲ್ಲ.

ಬಸ್ಸು ನಿಲ್ಲುವಲ್ಲಿಗೆ ಊರು ಬಂತೆಂದು ತಿಳಿಯುವುದು ಬಯಲುಸೀಮೆಯವರ ಅಭ್ಯಾಸ. ಇಲ್ಲಿ ಬಸ್ಸು ನಿಂತ ಮೇಲೆ ಏರು ಶುರುವಾಗುತ್ತಿತ್ತು. ನನ್ನ ಕಬ್ಬಿಣದ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಮುಂದೆ ನಡೆಯುತ್ತಿದ್ದ ಹಿರಿಯರು ಅರ್ಧ ದಾರಿಯಲ್ಲಿ ಅದನ್ನು ಇಳಿಸಿ, "ಒಳಗೆ ಏನಿದೆ ಮೇಷ್ಟ್ರೇ?" ಎಂದು ಕೇಳಿದರು. ಪುಸ್ತಕಗಳೆಂದೆ. "ಎಲ್ಲ ಓದಿ ಆಗಿದೆಯೋ?" ಎಂದರು. ಬಹುಪಾಲು ಆಗಿದೆಯೆಂದು ತುಸು ಹೆಮ್ಮೆಯಿಂದಲೇ ಹೇಳಿದೆ. "ಹಾಗಾದರೆ ಮತ್ತೆ ಯಾಕೆ ತಂದಿರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಪೆಟ್ಟಿಗೆಯನ್ನು ಮತ್ತೆ ತಲೆಗೇರಿಸಿಕೊಂಡರು. ಆ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.

ಊರು ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿತ್ತು. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಒತ್ತಡ ಕಡಿಮೆಯಾದಂತೆ ನೀರು ಬೇಗ ಕುದಿಯುತ್ತದೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಬಿಂದು ಇಳಿಯುತ್ತದೆ ಎಂಬ ಪಾಠವನ್ನು ನಾನು ವರ್ಷವರ್ಷವೂ ಮಾಡಿದ್ದೆ. ಪರೀಕ್ಷೆಯಲ್ಲಿ ಅದಕ್ಕೆ 2 ಅಂಕಗಳನ್ನೂ ಇಟ್ಟಿದ್ದೆ. ಆದರೆ ಮೊದಲ ರಾತ್ರಿ ಒಲೆಯ ಮೇಲಿಟ್ಟ ಪಾತ್ರೆಯಲ್ಲಿ ನೀರು 95 ಡಿಗ್ರಿಯಲ್ಲೇ ಅಬ್ಬರಿಸಿ ಕುದಿಯುತ್ತಿದ್ದರೂ ಒಳಗಿನ ಕಾಳು ಮಾತ್ರ ಅಂಗಡಿಯಿಂದ ತಂದಾಗ ಇದ್ದಷ್ಟೇ ಗಟ್ಟಿಯಾಗಿ ಕುಳಿತಿದ್ದುದನ್ನು ಕಂಡಾಗ, 2 ಅಂಕ ಬಹಳ ಕಡಿಮೆಯಾಯಿತೆಂದು ತೋರಿತು. ಹೊಗೆ ನೋಡಿ ವಿಚಾರಿಸಲು ಬಂದ ಪಕ್ಕದ ಮನೆಯ ಅಜ್ಜಿಗೆ ನಾನು ವಾಯುಭಾರದಿಂದ ಮೊದಲ್ಗೊಂಡು ವಿಷಯವನ್ನೆಲ್ಲ ವಿವರಿಸಿದೆ. ಅವರು ತಾಳ್ಮೆಯಿಂದ ಪೂರ್ತಿ ಕೇಳಿ, "ಕುಕ್ಕರ್ ತಂದಿಲ್ಲವಾ ಮಗಾ?" ಎಂದರು.

ಕುಕ್ಕರ್ ತಂದಿದ್ದೆ. ಇಲ್ಲದಿದ್ದುದು ಅದರ ವಿಸಿಲ್ ಮಾತ್ರ. ಸಾಮಾನು ಕಟ್ಟಿಕೊಟ್ಟ ಬಂಧುಗಳು ಅಷ್ಟು ಸಣ್ಣ ವಸ್ತು ದಾರಿಯಲ್ಲಿ ಕಳೆದುಹೋಗಬಾರದೆಂದು ಅದನ್ನು ಬೇರೆಯಾಗಿ ಭದ್ರಪಡಿಸಿದ್ದರು. ಎಷ್ಟು ಭದ್ರವಾಗಿ ಎಂದರೆ, ಅದು ಅವರ ಮನೆಯಲ್ಲೇ ಉಳಿದಿತ್ತು. 1679ರಲ್ಲಿ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಆವಿಯನ್ನು ಒಳಗೇ ಹಿಡಿದಿಟ್ಟು ಬೇಯಿಸುವ ಪಾತ್ರೆಯನ್ನು ಲಂಡನ್ನಿನಲ್ಲಿ ಮಾಡಿ ತೋರಿಸಿದ. ಅದು ಸಿಡಿಯದಿರಲೆಂದು ಸುರಕ್ಷತಾ ಕವಾಟವನ್ನೂ ರೂಪಿಸಿದ. ಅವನ ಸಾಮಾನನ್ನು ಬಂಧುಗಳು ಕಟ್ಟಿರಲಿಲ್ಲವೆಂದು ಕಾಣುತ್ತದೆ. ವಿಸಿಲ್ ಇಲ್ಲದ ಕುಕ್ಕರ್ ಎಂದರೆ ಮುಚ್ಚಳ ತೆಗೆಯಲು ಕಷ್ಟವಾದ ಮಾಮೂಲಿ ಪಾತ್ರೆ, ಅಷ್ಟೇ.

ವಿಸಿಲನ್ನು ಕಳುಹಿಸಿರೆಂದು ಹೇಳಲು ಫೋನು ಮಾಡಬೇಕಿತ್ತು, ಫೋನು ಮಾಡಲು ಸಿಗ್ನಲ್ ಬೇಕಿತ್ತು, ಸಿಗ್ನಲ್ಲಿಗೆ ಊರ ಹೊರಗಿನ ಬಂಡೆಯನ್ನು ಹತ್ತಬೇಕಿತ್ತು. ಹಳೆಯ 2ಜಿ ಜಾಲದಲ್ಲಿ ಫೋನು ಗೋಪುರದಿಂದ ಸುಮಾರು 35 ಕಿಲೋಮೀಟರ್ ದೂರದವರೆಗೂ ಸಂಪರ್ಕದಲ್ಲಿರಬಹುದೆಂಬುದು ತಾಂತ್ರಿಕ ಲೆಕ್ಕ. ಆದರೆ ಆ ಲೆಕ್ಕದಲ್ಲಿ ನಡುವೆ ಅಡ್ಡ ನಿಂತ ಗುಡ್ಡಗಳಿಗೆ ಜಾಗವಿಲ್ಲ, ಮೊಬೈಲಿನ ತರಂಗಗಳು ಗುಡ್ಡವನ್ನು ಬಳಸಿಕೊಂಡು ಬರುವಷ್ಟು ಬಾಗುವುದೂ ಇಲ್ಲ. ಸಿಗ್ನಲ್ ದುರ್ಬಲವಾದಷ್ಟೂ ಫೋನು ದೂರದ ಗೋಪುರವನ್ನು ಮುಟ್ಟಲು ಹೆಚ್ಚು ಶಕ್ತಿ ಖರ್ಚು ಮಾಡುತ್ತದೆ. ಮೊದಲ ದಿನ ನನ್ನ ಬ್ಯಾಟರಿ ಮಾತಿಗಿಂತ ಹುಡುಕಾಟದಲ್ಲೇ ಮುಗಿಯಿತು.

ಬಂಡೆಯ ಇನ್ನೊಂದು ಗುಣವನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಸಿಗ್ನಲ್ ಸಿಗುವ ಜಾಗ ಒಂದು ಚಾಪೆಯಷ್ಟು ಅಗಲ. ಸಂಜೆಯ ಹೊತ್ತು ಊರಿನ ಅರ್ಧ ಜನ ಅಲ್ಲಿರುತ್ತಾರೆ. ಸರದಿ ಬರುವವರೆಗೆ ಉಳಿದವರಿಗೆ ಬೇರೆ ಕೆಲಸವಿರುವುದಿಲ್ಲ. ಮದುವೆ ಮಾತುಕತೆ, ಸಾಲದ ಕಂತು, ಅಳಿಯನ ಮುನಿಸು ಎಲ್ಲವೂ ಅಲ್ಲಿ ಸಾರ್ವಜನಿಕ ವಿಷಯಗಳೇ. ನಾನು ಸಾಧ್ಯವಾದಷ್ಟು ತಗ್ಗಿದ ದನಿಯಲ್ಲಿ ಮಾತನಾಡಲು ನೋಡಿದೆ; ಆ ತುದಿಯವರಿಗೆ ಕೇಳಿಸಲಿಲ್ಲ. ಕಡೆಗೆ, "ವಿಸಿಲ್! ಕುಕ್ಕರಿನ ವಿಸಿಲ್!" ಎಂದು ಮೂರು ಗುಡ್ಡಗಳಿಗೆ ಕೇಳುವಂತೆ ಕೂಗಿದೆ. ಮರುದಿನ ಹಾಜರಿ ಕರೆಯುವ ಮೊದಲೇ ಐದನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಮೇಷ್ಟ್ರೇ, ವಿಸಿಲ್ ಯಾವಾಗ ಬರುತ್ತದೆ?" ಎಂದು ವಿಚಾರಿಸಿದಳು. ಅಂದಿನಿಂದ ಅದು ದಿನದ ಮೊದಲ ಪ್ರಶ್ನೆಯಾಯಿತು.

ಶಾಲೆಯಲ್ಲಿ ಐದು, ಆರು, ಏಳನೆಯ ತರಗತಿಗಳು ಒಂದೇ ಕೋಣೆಯಲ್ಲಿ ಕುಳಿತುಕೊಳ್ಳುತ್ತಿದ್ದವು. ಏಳನೆಯವರಿಗೆ ಕೇಳಿದ ಪ್ರಶ್ನೆಗೆ ಐದನೆಯವರು ಉತ್ತರಿಸುವುದು, ಐದನೆಯವರ ಲೆಕ್ಕವನ್ನು ಏಳನೆಯವರು ತಪ್ಪು ಮಾಡುವುದು ಅಲ್ಲಿನ ನಿತ್ಯದ ವ್ಯವಹಾರ. ಮಳೆಗಾಲದಲ್ಲಿ ಸೀಮೆಸುಣ್ಣ ತೇವ ಹೀರಿಕೊಂಡು ಹಲಗೆಯ ಮೇಲೆ ಜಾರುವುದನ್ನೂ, ಅದನ್ನು ಒಲೆಯ ಬಳಿ ಒಣಗಿಸಿ ತರುವ ಹೊಣೆಗಾಗಿ ಮಕ್ಕಳು ಜಗಳವಾಡುವುದನ್ನೂ ಬಿಟ್ಟುಬಿಡುತ್ತೇನೆ. ಇಂಬಳದ, ಅಂದರೆ ಮಲೆನಾಡಿನ ನೆಲದ ಜಿಗಣೆಯ, ಪ್ರಕರಣವನ್ನು ಮಾತ್ರ ಬಿಡುವಂತಿಲ್ಲ.

ಅಂದು ರಕ್ತ ಹೆಪ್ಪುಗಟ್ಟುವ ಪಾಠ. ಸಣ್ಣ ಗಾಯವಾದರೆ ಕೆಲವೇ ನಿಮಿಷಗಳಲ್ಲಿ ರಕ್ತ ತಾನಾಗಿಯೇ ನಿಲ್ಲುತ್ತದೆ, ದೇಹದ ವ್ಯವಸ್ಥೆ ಅಷ್ಟು ಅಚ್ಚುಕಟ್ಟಾದುದು ಎಂದು ನಾನು ವರ್ಣಿಸುತ್ತಿದ್ದಾಗ ಮಕ್ಕಳೆಲ್ಲರ ಕಣ್ಣು ನನ್ನ ಮುಖದಿಂದ ಕಾಲಿನತ್ತ ಇಳಿಯಿತು. ಪಾದದ ಮೇಲೆ ಕೆಂಪು ಗೆರೆಯೊಂದು ಇಳಿಯುತ್ತಿತ್ತು. ಅದರ ಮೂಲದಲ್ಲಿ ಇಂಬಳವೊಂದು ಹೊಟ್ಟೆ ತುಂಬಿಸಿಕೊಂಡು ದುಂಡಗಾಗಿತ್ತು. ಹುಡುಗನೊಬ್ಬ ಅಪ್ಪಣೆಗೂ ಕಾಯದೆ ಬಂದು, ಅದರ ಬಾಯಿಯ ಕಡೆಯಿಂದ ಉಗುರನ್ನು ಜಾರಿಸಿ ಬಿಡಿಸಿ, ಕಿಟಕಿಯಾಚೆ ಎಸೆದು, ಏನೂ ನಡೆದಿಲ್ಲವೆಂಬಂತೆ ತನ್ನ ಜಾಗದಲ್ಲಿ ಕುಳಿತ. ರಕ್ತ ಮಾತ್ರ ನಿಲ್ಲಲಿಲ್ಲ. ಜಿಗಣೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿದೆಯೆಂದು 1884ರಲ್ಲಿ ಜಾನ್ ಬೆರಿ ಹೇಕ್ರಾಫ್ಟ್ ತೋರಿಸಿಕೊಟ್ಟರು, ಅದಕ್ಕೆ ಮುಂದೆ ಹಿರುಡಿನ್ ಎಂದು ಹೆಸರಾಯಿತು ಎಂದು ನಾನು ಕಾಲೊರೆಸಿಕೊಳ್ಳುತ್ತಲೇ ಪಾಠವನ್ನು ತಿದ್ದಿದೆ. ಮಧ್ಯಾಹ್ನದ ಗಂಟೆ ಹೊಡೆದಾಗಲೂ ಬಟ್ಟೆ ಒದ್ದೆಯಾಗುತ್ತಲೇ ಇತ್ತು. "ಕೆಲವೇ ನಿಮಿಷ ಅಂದಿರಲ್ಲ ಮೇಷ್ಟ್ರೇ" ಎಂದು ಏಳನೆಯ ತರಗತಿ ಗಡಿಯಾರ ನೋಡಿ ಹೇಳಿತು.

ವಿಸಿಲ್ ಕೊನೆಗೂ ಬಸ್ಸಿನ ಕಂಡಕ್ಟರರ ಕೈಯಲ್ಲಿ ಬಂತು. ಮಕ್ಕಳು ಅದನ್ನು ನನಗಿಂತ ಮೊದಲೇ ಬಿಚ್ಚಿ ನೋಡಿ, ಮೆರವಣಿಗೆಯಲ್ಲಿ ಮನೆಯವರೆಗೂ ತಂದರು. ಅಜ್ಜಿಯೂ ಸೇರಿ ಎಲ್ಲರೂ ನೋಡುತ್ತಿರುವಾಗ ಕುಕ್ಕರಿನ ಮೇಲೆ ಕೂರಿಸಿದೆ, ಅದು ಕೂರಲಿಲ್ಲ. ಬಂಧುಗಳು ಭದ್ರವಾಗಿಟ್ಟಿದ್ದುದು ತಮ್ಮ ಮನೆಯ ಕುಕ್ಕರಿನ ವಿಸಿಲನ್ನು. ನನ್ನದನ್ನು ಹಾಕಿಕೊಂಡು ಅವರು ಅಲ್ಲಿ ಹೇಗೆ ಅಡುಗೆ ಮಾಡುತ್ತಿದ್ದರೆಂಬುದು ಬೇರೆಯೇ ಸಂಶೋಧನೆಯ ವಿಷಯ. ನಾನು ಮತ್ತೆ ಬಂಡೆ ಹತ್ತಿದೆ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಹಳೆಯ ಪ್ರಶ್ನೆಯನ್ನೇ ಕೇಳಿದ್ದೆ: ಎತ್ತರದ ಪ್ರದೇಶಗಳಲ್ಲಿ ಅಡುಗೆ ಬೇಯಲು ಹೆಚ್ಚು ಹೊತ್ತು ಹಿಡಿಯುವುದೇಕೆ? ಒಬ್ಬಿಬ್ಬರು ಒತ್ತಡ, ಕುದಿಯುವ ಬಿಂದು ಎಂದೆಲ್ಲ ಬರೆದಿದ್ದರು. ಉಳಿದವರ ಉತ್ತರ ಒಂದೇ ಆಗಿತ್ತು: "ಬಂದ ವಿಸಿಲ್ ಬೇರೆ ಕುಕ್ಕರಿನದಾಗಿರುವುದರಿಂದ." ತುಂಬ ಯೋಚಿಸಿ ಎಲ್ಲರಿಗೂ ಒಂದೊಂದು ಅಂಕ ಕೊಟ್ಟೆ.