ಎರಚೋದಕ್ಕೆ ಹಸಿ ಎಸಳೇ ಚೆಂದ
ಆರತಕ್ಷತೆಗೆ ಒಣ ಗುಲಾಬಿ ಎಸಳೇ ಸಾಕು, ಖರ್ಚು ಕಡಿಮೆ ಅಂತ ಬರೆದಿದ್ದೀರಿ. ನಾನು ಒಪ್ಪಲ್ಲ. ವಧೂವರರ ಮೇಲೆ ಎರಚುವುದಕ್ಕೆ ಹಸಿ ಎಸಳೇ ಬೇಕು, ಅದರಲ್ಲೂ ಪನ್ನೀರು ಗುಲಾಬಿ. ಬೊಕೆಗೆ ಹಾಕುವ ಡಚ್ ಗುಲಾಬಿ ನೋಡಲಷ್ಟೇ ಚೆಂದ, ಪರಿಮಳ ಅಷ್ಟಕ್ಕಷ್ಟೇ. ಬೆಂಗಳೂರಿನವರು ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ಗೆ ಹೋಗಿ ಬಿಡಿ ಹೂವನ್ನು ಕೆಜಿ ಲೆಕ್ಕದಲ್ಲಿ ತನ್ನಿ, ಆದರೆ ಎಸಳು ಬಿಡಿಸುವುದು ಕಾರ್ಯಕ್ರಮಕ್ಕೆ ಸ್ವಲ್ಪ ಮೊದಲು, ಹಿಂದಿನ ದಿನವೇ ಬಿಡಿಸಿ ನೀರು ಚಿಮುಕಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಕಪ್ಪಾಗಿ ಲೋಳೆಯಾಗುತ್ತದೆ. ಗ್ರಾನೈಟ್ ನೆಲಕ್ಕೆ ದಯವಿಟ್ಟು ಹಾಸಬೇಡಿ. ತುಳಿದರೆ ಜಾರುತ್ತದೆ, ವಯಸ್ಸಾದವರು ಓಡಾಡುವ ಜಾಗ ಅಲ್ವಾ. ಉಳಿದದ್ದನ್ನು ನೆರಳಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಬಣ್ಣ ಹೋಗುತ್ತದೆ. ರಂಗೋಲಿಗೆ, ದೀಪದ ತಟ್ಟೆಯ ಸುತ್ತ ಹಾಕೋಕೆ ಒಣ ಎಸಳು ಆಗುತ್ತದೆ. ಗುಲ್ಕನ್‌ಗೆ ಮಾತ್ರ ಮಾರ್ಕೆಟ್ ಹೂ ಬೇಡ, ಔಷಧಿ ಹೊಡೆದಿರುತ್ತಾರೆ.